ಹದಿನಾರು ವರ್ಷದ ಲೆಕ್ಕ, ತೆರೆಯದ ಒಂದು ಫೈಲ್: ಲಿನಕ್ಸ್‌ಗೆ ಬಂದ ಮನೆಯೊಂದರ ಪ್ರಕರಣ

ಇದು ಮಲೆನಾಡಿನ ಒಂದು ಮನೆಯ ಲೆಕ್ಕದ ವಿಷಯ. ಊರಿನ ಹೆಸರು ಹೇಳುವುದಿಲ್ಲ. ಮೊತ್ತಗಳನ್ನು ಬದಲಿಸಿದ್ದೇನೆ. ಮನೆಯವರನ್ನು ಕೇಳಿ, ಅವರು ಹೂಂ ಅಂದ ಮೇಲೆಯೇ ಬರೆಯುತ್ತಿದ್ದೇನೆ. ಮನೆಯ ಯಜಮಾನರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಹಾಗಾಗಿ ಇಲ್ಲಿ ಅವರು ಬರೀ ಮೇಷ್ಟ್ರು.

ಮೇಷ್ಟ್ರಿಗೆ ಪಿಂಚಣಿ ಬರುತ್ತದೆ. ಎರಡು ಎಕರೆ ಅಡಿಕೆ ತೋಟ ಇದೆ. ಎರಡು ಬ್ಯಾಂಕ್ ಖಾತೆ, ಅಂಚೆ ಕಚೇರಿಯಲ್ಲಿ ಹೆಂಡತಿಯ ಹೆಸರಲ್ಲಿ ಒಂದಷ್ಟು ಠೇವಣಿ, ಮಗ ಶುರು ಮಾಡಿಸಿದ ಒಂದು ಮ್ಯೂಚುವಲ್ ಫಂಡ್, ಇವೆಲ್ಲಕ್ಕಿಂತ ಮುಖ್ಯವಾಗಿ ಸೊಸೈಟಿ ಖಾತೆ. ಅಡಿಕೆ ಬೆಳೆಯುವವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಅಡಿಕೆ ಮಾರಿದ ದುಡ್ಡು ಅಲ್ಲಿಗೇ ಜಮಾ ಆಗುತ್ತದೆ, ಗೊಬ್ಬರ, ಮೈಲುತುತ್ತ, ದಿನಸಿ ಎಲ್ಲ ಅಲ್ಲಿಂದಲೇ ಬರುತ್ತದೆ, ಬೆಳೆ ಸಾಲವೂ ಅಲ್ಲೇ. ವರ್ಷದಲ್ಲಿ ಆರು ತಿಂಗಳು ಸೊಸೈಟಿ ನಮಗೆ ಕೊಡಬೇಕು, ಇನ್ನಾರು ತಿಂಗಳು ನಾವು ಸೊಸೈಟಿಗೆ ಕೊಡಬೇಕು.

2009ರಲ್ಲಿ ಮೇಷ್ಟ್ರು ಸಿಡಿಯಲ್ಲಿ ಬಂದ ಒಂದು ಹಣಕಾಸು ಸಾಫ್ಟ್‌ವೇರ್ ಕೊಂಡರು. ವಿಂಡೋಸ್‌ನಲ್ಲಿ ಮಾತ್ರ ಓಡುವಂಥದ್ದು. ತಯಾರಿಸಿದ ಕಂಪನಿಯ ಹೆಸರು ಇಲ್ಲಿ ಬೇಡ. ಅಲ್ಲಿಂದ 2025ರ ತನಕ ಒಂದು ವಾರವೂ ಬಿಡದೆ ಅದರಲ್ಲಿ ಲೆಕ್ಕ ಬರೆದರು. ಮೊದಲು ಡೆಸ್ಕ್‌ಟಾಪ್‌ನಲ್ಲಿ, 2014ರ ನಂತರ ಲ್ಯಾಪ್‌ಟಾಪ್‌ನಲ್ಲಿ, ಅದೇ ಸಿಡಿ, ಅದೇ ಆವೃತ್ತಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ಮುಗಿಯಿತು. ಈ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಲು ಬರುವುದಿಲ್ಲ. ಪ್ರೊಸೆಸರ್ ಹಳೆಯದು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ. ಇನ್ನೊಂದು ವರ್ಷದ ಮಟ್ಟಿಗೆ ಭದ್ರತಾ ಅಪ್‌ಡೇಟ್ ಪಡೆಯುವ ದಾರಿ ಇತ್ತು, ಆದರೆ ಆ ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ದೀಪಾವಳಿಗೆ ಬಂದ ಮಗ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿದ. ಒಳ್ಳೆಯ ಕೆಲಸವೇ. ಲ್ಯಾಪ್‌ಟಾಪ್ ಹಿಂದೆಂದೂ ಇಲ್ಲದಷ್ಟು ಚುರುಕಾಯಿತು. ಡಾಕ್ಯುಮೆಂಟ್ಸ್ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಹಾಕಿ, ಆಮೇಲೆ ಹಾರ್ಡ್‌ಡಿಸ್ಕ್ ಅಳಿಸಿ, ಹೊಸದಾಗಿ ಸ್ಥಾಪಿಸಿ, ರಜೆ ಮುಗಿಸಿ ಹೋದ.

ಮರುದಿನ ಮೇಷ್ಟ್ರು ಲೆಕ್ಕದ ಫೈಲ್ ಮೇಲೆ ಕ್ಲಿಕ್ ಮಾಡಿದರು. ಇದನ್ನು ಯಾವುದರಲ್ಲಿ ತೆರೆಯಬೇಕು ಎಂದು ಕಂಪ್ಯೂಟರ್ ಅವರನ್ನೇ ಕೇಳಿತು. ಆ ಸಂಜೆ ನನಗೆ ಫೋನ್ ಬಂತು.

ನಾನು ಮೊದಲು ಹೋಗಿದ್ದು ಎಲ್ಲರೂ ಹೋಗುವ ದಾರಿಯಲ್ಲೇ. ವೈನ್ ಹಾಕಿದೆ. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ ಅದು, ಎಷ್ಟೋ ಹಳೆ ಪ್ರೋಗ್ರಾಂಗಳು ಅದರಲ್ಲಿ ಚೆನ್ನಾಗಿಯೇ ಓಡುತ್ತವೆ. ಸಿಡಿಯಿಂದ ಸ್ಥಾಪನೆ ಆಯಿತು, ಪರದೆಯೂ ಬಂತು, ಡಬ್ಬಿಯ ಮೇಲಿದ್ದ ಸಂಖ್ಯೆ ಹಾಕಿದೆವು. ಅದು ಸರ್ವರ್ ಜೊತೆ ಮಾತಾಡಿ ಖಾತ್ರಿ ಮಾಡಿಕೊಳ್ಳಬೇಕು ಅಂತು. ಆದರೆ ಆ ಸರ್ವರ್ ಈಗ ಇಲ್ಲ. ಕಂಪನಿ ಆ ಸಾಫ್ಟ್‌ವೇರನ್ನು ನಿಲ್ಲಿಸಿ ವರ್ಷಗಳಾಗಿವೆ. ಮೇಲ್ ಬರೆದೆವು. ನಮ್ಮ ಹೊಸ ಮೊಬೈಲ್ ಆ್ಯಪ್ ಬಳಸಿ ಎಂದು ಉತ್ತರ ಬಂತು. ಆ ಆ್ಯಪ್ ಹಳೆ ಫೈಲನ್ನು ಓದುವುದಿಲ್ಲ.

ನನಗೆ ಇಲ್ಲಿ ನಿಜಕ್ಕೂ ಸಿಟ್ಟು ಬಂತು. ಲಿನಕ್ಸ್‌ಗೆ ಸಾಫ್ಟ್‌ವೇರ್ ಮಾಡಿ ಅಂತ ಯಾರೂ ಕೇಳುತ್ತಿಲ್ಲ. ಮಾರಿದ್ದನ್ನು ನಿಲ್ಲಿಸುವುದೂ ಅವರ ಹಕ್ಕು. ಆದರೆ ನಿಲ್ಲಿಸುವ ಮುಂಚೆ ಬೀಗದ ಕೈ ಜನರ ಕೈಗೆ ಕೊಟ್ಟು ಹೋಗಬೇಕಲ್ವಾ? ಸರ್ವರ್ ಇಲ್ಲದೆಯೂ ತೆರೆಯುವಂತೆ ಕೊನೆಯದೊಂದು ಆವೃತ್ತಿ ಬಿಟ್ಟಿದ್ದರೆ ಸಾಕಿತ್ತು. ಹದಿನಾರು ವರ್ಷ ಒಬ್ಬರು ಕೂತು ಬರೆದ ಲೆಕ್ಕ ಅದು, ಅವರದೇ ಮಾಹಿತಿ.

ವರ್ಚುವಲ್ ಮಷೀನ್, ಅಂದರೆ ಲಿನಕ್ಸ್ ಒಳಗೇ ಇಡೀ ವಿಂಡೋಸ್ ಓಡಿಸುವ ಏರ್ಪಾಡು ಕೂಡ ನೋಡಿದೆವು. 4 ಜಿಬಿ ರ‍್ಯಾಮ್‌ನಲ್ಲಿ ಅದು ತೆವಳುತ್ತಿತ್ತು, ಅಲ್ಲೂ ಕೊನೆಗೆ ಅದೇ ಸರ್ವರ್ ಗೋಡೆ. ಬಿಟ್ಟೆವು.

ದಾರಿ ತೋರಿಸಿದ್ದು ಮೇಷ್ಟ್ರ ಹೆಂಡತಿ. ಹಳೆ ಡೆಸ್ಕ್‌ಟಾಪ್ ಅಟ್ಟದ ಮೇಲಿದೆ, ಗುಜರಿಗೆ ಕೊಡೋಣ ಅಂದರೆ ಇವರು ಬಿಡಲಿಲ್ಲ ಅಂದರು. ಅದರಲ್ಲಿ ಆ ಸಾಫ್ಟ್‌ವೇರ್ ಇನ್ನೂ ಇರಬೇಕು, ಅದೂ 2009ರಲ್ಲೇ ಸರ್ವರ್‌ನ ಒಪ್ಪಿಗೆ ಪಡೆದದ್ದು! ಇಳಿಸಿದೆವು. ಧೂಳು, ಒಳಗೆ ಕಣಜದ ಗೂಡು. ರ‍್ಯಾಮ್ ಕಿತ್ತು, ಒರೆಸಿ, ಮತ್ತೆ ಕೂರಿಸಿದ ಮೇಲೆ ಹತ್ತಿಕೊಂಡಿತು. ಗಡಿಯಾರ 2008ರ ಜನವರಿ ತೋರಿಸುತ್ತಿತ್ತು. ಮದರ್‌ಬೋರ್ಡಿನ ಸೆಲ್ ಸತ್ತಿತ್ತು. ಇಲ್ಲಿ ಒಂದು ಚಿಕ್ಕ ನಿರ್ಧಾರ ಮಾಡಿದೆವು, ಈಗ ಯೋಚಿಸಿದರೆ ಅದು ಚಿಕ್ಕದಲ್ಲ. ತಾರೀಖು ತಪ್ಪಿರುವಾಗ ಫೈಲ್ ಮುಟ್ಟುವುದು ಬೇಡ ಅಂತ ಪೇಟೆಗೆ ಹೋಗಿ ಸಿಆರ್ 2032 ಸೆಲ್ ತಂದು ಹಾಕಿ, ತಾರೀಖು ಸರಿ ಮಾಡಿ, ಫೈಲಿನ ಎರಡು ಪ್ರತಿಗಳನ್ನು ಬೇರೆ ಬೇರೆ ಪೆನ್‌ಡ್ರೈವ್‌ನಲ್ಲಿಟ್ಟು, ಆಮೇಲೆ ಒಂದು ಪ್ರತಿಯನ್ನು ಮಾತ್ರ ತೆರೆದೆವು. ತೆರೆಯಿತು. ಮೇಷ್ಟ್ರು ಮಾತಾಡಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು.

ಅದೇ ಕೂರಿಕೆಯಲ್ಲಿ ಎಲ್ಲವನ್ನೂ ಹೊರಗೆ ತೆಗೆದೆವು. ಹದಿನಾಲ್ಕು ಖಾತೆ, ಹದಿನಾಲ್ಕು ಕ್ಯೂಐಎಫ್ ಫೈಲ್. ಈ ಕ್ಯೂಐಎಫ್ ಹಳೇ ಕಾಲದ ಸ್ವರೂಪ, ಆದರೆ ಬರೀ ಅಕ್ಷರಗಳ ಫೈಲ್ ಆದ್ದರಿಂದ ಯಾವ ಕಂಪ್ಯೂಟರ್‌ನಲ್ಲೂ ತೆರೆದು ಓದಬಹುದು. ಡಿ ಅಕ್ಷರದಿಂದ ಶುರುವಾಗುವ ಸಾಲು ತಾರೀಖು. ಟಿ ಸಾಲು ಮೊತ್ತ. ಪಿ ಅಂದರೆ ಯಾರಿಗೆ, ಎಂ ಅಂದರೆ ಟಿಪ್ಪಣಿ, ಎಲ್ ಅಂದರೆ ಯಾವ ಬಾಬ್ತು. ಒಂದೊಂದು ವ್ಯವಹಾರ ಮುಗಿದಾಗಲೂ ಟೊಪ್ಪಿಯಂಥ ಒಂದು ಗುರುತು (^). ಮೇಷ್ಟ್ರಿಗೆ ಇದನ್ನು ತೋರಿಸಿದಾಗ ಅವರೇ ನಾಲ್ಕೈದು ವ್ಯವಹಾರ ಗಟ್ಟಿಯಾಗಿ ಓದಿದರು. ಫೈಲ್ ಕಣ್ಣಿಗೆ ಕಾಣುವಂಥ ವಸ್ತು ಅಂತ ಅವರಿಗೆ ಅನ್ನಿಸಿದ್ದು ಆಗ.

ಟಿಪ್ಪಣಿಯ ಸಾಲುಗಳು ಮಾತ್ರ ಓದಲು ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮೇಲೆ ಚುಕ್ಕೆ, ಗೆರೆ, ಕೊಂಬು ಇಟ್ಟಂಥ ಗೋಜಲು. ನನಗೆ ಒಂದು ಕ್ಷಣ ಫೈಲ್ ಕೆಟ್ಟಿದೆ ಅನ್ನಿಸಿತು. ಕೆಟ್ಟಿರಲಿಲ್ಲ. ಮೇಷ್ಟ್ರು ಟಿಪ್ಪಣಿಯನ್ನು 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆ ಫಾಂಟ್‌ನಲ್ಲಿ ಕನ್ನಡದಲ್ಲಿ ಬರೆದಿದ್ದರು. ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ಗಿಂತ ಮುಂಚಿನ ಆ ಫಾಂಟ್‌ಗಳಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತವೇ, ಕನ್ನಡ ಕಾಣುವುದು ಮೇಲಿನ ವೇಷದಲ್ಲಿ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಇದನ್ನು ಯೂನಿಕೋಡ್‌ಗೆ ತಿರುಗಿಸುವ ಉಚಿತ ಪರಿವರ್ತಕಗಳು ಇವೆ. ಆದರೆ ಇಡೀ ಫೈಲನ್ನು ಹಾಕಿದರೆ ಇಂಗ್ಲಿಷ್‌ನಲ್ಲಿ ಬರೆದ ಹೆಸರುಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಹಾಗಾಗಿ ಎಂ ಅಕ್ಷರದ ಸಾಲುಗಳನ್ನು ಮಾತ್ರ ಆರಿಸಿ ತಿರುಗಿಸುವ ಸಣ್ಣ ಸ್ಕ್ರಿಪ್ಟ್ ಬರೆದೆ. ಪರದೆಯ ಮೇಲೆ ಸಾಲು ಸಾಲಾಗಿ 'ಕೊನೆಗಾರನಿಗೆ ಮುಂಗಡ', 'ಮದ್ದು ಹೊಡೆದ ಕೂಲಿ', 'ಅಕ್ಕನ ಆಸ್ಪತ್ರೆಗೆ' ಎಂದು ಕನ್ನಡ ಬರತೊಡಗಿತು. ಅಕ್ಕ 2016ರಲ್ಲಿ ತೀರಿಕೊಂಡರಂತೆ. ಈ ಸಾಲುಗಳಿಗಾಗಿಯೇ ಇಷ್ಟು ಕಷ್ಟ ಪಟ್ಟದ್ದು ಸರಿ ಅಂತ ನನಗೆ ಅನ್ನಿಸಿತು.

ಇನ್ನು ಯಾವ ಸಾಫ್ಟ್‌ವೇರ್ ಎಂಬ ಪ್ರಶ್ನೆ. ಲಿನಕ್ಸ್‌ನಲ್ಲಿ ಏನೂ ಇಲ್ಲ ಅನ್ನುವುದು ತಪ್ಪು. ಹೋಮ್‌ಬ್ಯಾಂಕ್ ಇದೆ, ಕೆಮೈಮನಿ ಇದೆ, ಗ್ನೂಕ್ಯಾಶ್ ಇದೆ. ಬರೀ ಪಠ್ಯದಲ್ಲೇ ಲೆಕ್ಕ ಬರೆಯುವವರಿಗೆ ಎಚ್‌ಲೆಡ್ಜರ್‌ನಂಥವೂ ಇವೆ. ಹೋಮ್‌ಬ್ಯಾಂಕ್ ನೋಡಲು ಸುಲಭ, ಮೇಷ್ಟ್ರಿಗೆ ಮೊದಲ ನೋಟಕ್ಕೆ ಹಿಡಿಸಿದ್ದು ಅದೇ. ನಾನು ಗ್ನೂಕ್ಯಾಶ್ ಕಡೆಗೆ ಒತ್ತಿದೆ. ಒಂದು ಕಾರಣ, 1998ರಲ್ಲಿ ಮೊದಲ ಸ್ಥಿರ ಆವೃತ್ತಿ ಬಂದಾಗಿನಿಂದ ಅದು ನಡೆದುಕೊಂಡೇ ಬಂದಿದೆ. ವಿಂಡೋಸ್, ಮ್ಯಾಕ್ ಎರಡರಲ್ಲೂ ಓಡುತ್ತದೆ, ನಾಳೆ ಮಗನೂ ತನ್ನ ಮ್ಯಾಕ್‌ನಲ್ಲಿ ತೆರೆಯಬಹುದು. ಅದರ ಫೈಲ್ ಒಳಗೆ ಇರುವುದು ಎಕ್ಸ್‌ಎಂಎಲ್ ಎಂಬ ಪಠ್ಯ ಸ್ವರೂಪ, ಗ್ನೂಕ್ಯಾಶ್ ಇಲ್ಲದೆಯೂ ಬಿಚ್ಚಿ ಓದಬಹುದು. ಅದಕ್ಕಿಂತ ದೊಡ್ಡ ಕಾರಣ ಸೊಸೈಟಿ. ಅಡಿಕೆ ಮಾರಿದ ಪಟ್ಟಿಯಲ್ಲಿ ಒಂದೇ ಕಾಗದದಲ್ಲಿ ನಾಲ್ಕು ವಿಷಯ ಇರುತ್ತವೆ. ಅದನ್ನು ನೇರವಾಗಿ ಬರೆಯಲು, ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎರಡನ್ನೂ ಬರೆಯುವ ಜೋಡಿ ನಮೂದಿನ ಪದ್ಧತಿಯೇ ಬೇಕು.

ಗ್ನೂಕ್ಯಾಶ್ ಕಷ್ಟ ಅಂತ ಬಹಳ ಜನ ಅರ್ಧಕ್ಕೇ ಬಿಡುತ್ತಾರೆ. ಪ್ರತಿ ವ್ಯವಹಾರಕ್ಕೂ ಎರಡು ತುದಿ ಯಾಕೆ ಎಂಬಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೇಷ್ಟ್ರು ಸಿಕ್ಕಿಕೊಳ್ಳಲಿಲ್ಲ. ಐದು ನಿಮಿಷ ನೋಡಿ, ಇದು ನಮ್ಮಪ್ಪನ ಕಿರ್ದಿ ಅಲ್ವಾ, ಅಂದರು. ಒಳಗೆ ಹೋಗಿ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ ತಂದರು. ಎಡಕ್ಕೆ ಜಮಾ, ಬಲಕ್ಕೆ ನಾವೆ, ಪುಟದ ಕೆಳಗೆ ಆಖೈರು ಶಿಲ್ಕು. ಸಾಫ್ಟ್‌ವೇರಿನ ಆರಂಭಿಕ ಬಾಕಿ ಅಂದರೆ ಆರಂಭದ ಶಿಲ್ಕು, ಖಾತೆಗಳ ಮರ ಅಂದರೆ ಖಾತಾವಹಿ. ನಾನು ಇಂಗ್ಲಿಷ್ ಪದ ಇಟ್ಟುಕೊಂಡು ವಿವರಿಸಲು ಹೊರಟಿದ್ದೆ, ಅವರಿಗೆ ತಮ್ಮ ಮನೆಯ ಪದಗಳೇ ಸಾಕಾದವು. ಖಾತೆಗಳ ಹೆಸರನ್ನೂ ಹಾಗೇ ಇಟ್ಟೆವು: ಸೊಸೈಟಿ, ನಗದು, ಮೈಲುತುತ್ತ, ಸುಲಿತದ ಕೂಲಿ. ಟೈಪ್ ಮಾಡಲು ತೊಂದರೆ ಆಗಲಿಲ್ಲ, ಅವರ ಕೈಗೆ ಕೂತಿದ್ದ ಕಗಪ ಎಂಬ ಕನ್ನಡ ಕೀಲಿ ವಿನ್ಯಾಸ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಇದೆ.

ಒಂದು ಸಣ್ಣ ವಿಷಯ, ಇದರಲ್ಲಿ ಅರ್ಧ ದಿನ ಹೋಯಿತು. ಸ್ಥಾಪಿಸುವಾಗ ಮಗ ಪ್ರಾದೇಶಿಕ ಸ್ವರೂಪವನ್ನು ಅಮೆರಿಕದ್ದೇ ಬಿಟ್ಟಿದ್ದ. ಒಂದು ಲಕ್ಷದ ಇಪ್ಪತ್ತೈದು ಸಾವಿರ 125,000 ಅಂತ ಕಾಣುತ್ತಿತ್ತು, ಮೇಷ್ಟ್ರು ಪ್ರತಿ ಸಲ ತಡವರಿಸುತ್ತಿದ್ದರು. ಸೆಟ್ಟಿಂಗ್ಸ್‌ನಲ್ಲಿ ಭಾರತ ಅಂತ ಬದಲಿಸಿ, ಲಾಗ್ ಔಟ್ ಆಗಿ ಬಂದರೆ 1,25,000. ಗ್ನೂಕ್ಯಾಶ್‌ನ ಒಳಗೆ ಹುಡುಕಿ ಪ್ರಯೋಜನವಿಲ್ಲ, ಅದು ವ್ಯವಸ್ಥೆಯಿಂದ ಬರುವ ಗುಣ.

ಈಗ ಆಮದು. ಮೊದಲ ಸಲ ಒಂದೊಂದೇ ಫೈಲ್ ತಂದೆ. ತಪ್ಪು. ಸೊಸೈಟಿಯಿಂದ ಬ್ಯಾಂಕಿಗೆ 50,000 ವರ್ಗಾಯಿಸಿದ್ದು ಸೊಸೈಟಿ ಫೈಲ್‌ನಲ್ಲೂ ಇದೆ, ಬ್ಯಾಂಕ್ ಫೈಲ್‌ನಲ್ಲೂ ಇದೆ. ಬೇರೆ ಬೇರೆಯಾಗಿ ತಂದಾಗ, ಹೊಂದಾಣಿಕೆ ಕೇಳುವ ಪರದೆಯಲ್ಲಿ ನಾನು ಅವಸರ ಮಾಡಿದ್ದರಿಂದ, ಎರಡೆರಡು ಸಲ ಕೂತವು. ಬ್ಯಾಂಕಿನಲ್ಲಿ ಇಲ್ಲದ ದುಡ್ಡು ಲಕ್ಷಗಟ್ಟಲೆ ಕಂಡಿತು. ಗ್ನೂಕ್ಯಾಶ್ ಉಳಿಸಿದಾಗಲೆಲ್ಲ ಸಮಯ ಬರೆದ ಹಳೆ ಪ್ರತಿಯೊಂದನ್ನು ಪಕ್ಕದಲ್ಲಿಡುತ್ತದೆ, ಅದರಿಂದ ಹಿಂದಕ್ಕೆ ಹೋದೆವು. ಎರಡನೇ ಸಲ ಹದಿನಾಲ್ಕನ್ನೂ ಒಟ್ಟಿಗೇ ಕೊಟ್ಟೆ. ಜೋಡಿಗಳನ್ನು ಅದೇ ಗುರುತಿಸಿಕೊಂಡಿತು.

ಎರಡನೇ ತಪ್ಪು ಇದಕ್ಕಿಂತ ಅಪಾಯದ್ದು. ಆ ಹಳೆ ಸಾಫ್ಟ್‌ವೇರ್ ತಾರೀಖನ್ನು ಅಮೆರಿಕದ ಕ್ರಮದಲ್ಲಿ, ತಿಂಗಳು ಮುಂದೆ ದಿನ ಹಿಂದೆ, ಬರೆದು ಕೊಟ್ಟಿತ್ತು. ಕ್ಯೂಐಎಫ್‌ನಲ್ಲಿ ಯಾವ ಕ್ರಮ ಅಂತ ಹೇಳುವ ಸಾಲೇ ಇಲ್ಲ. ಫೈಲ್‌ನಲ್ಲಿ 12 ದಾಟಿದ ದಿನ ಒಂದಾದರೂ ಇದ್ದರೆ ಗ್ನೂಕ್ಯಾಶ್ ತಾನೇ ಊಹಿಸುತ್ತದೆ. ಹದಿಮೂರು ಫೈಲ್‌ಗಳಲ್ಲಿ ಇತ್ತು. ಅಂಚೆ ಕಚೇರಿಯ ಆರ್‌ಡಿ (ತಿಂಗಳ ಕಂತಿನ ಠೇವಣಿ) ಫೈಲ್‌ನಲ್ಲಿ ಇರಲಿಲ್ಲ, ಏಕೆಂದರೆ ಏಜೆಂಟ್ ಐದು ವರ್ಷವೂ ತಪ್ಪದೆ ತಿಂಗಳ 5ರಂದೇ ಮನೆಗೆ ಬಂದು ದುಡ್ಡು ಒಯ್ಯುತ್ತಿದ್ದರು. ಆ ಫೈಲ್‌ಗೆ ಮಾತ್ರ ಯಾವ ಕ್ರಮ ಅಂತ ನನ್ನನ್ನು ಕೇಳಿತು. ನಾನು ಭಾರತದ ಕ್ರಮ ಒತ್ತಿದೆ. 60 ಕಂತೂ ಬಂತು, ಮೊತ್ತವೂ ಸರಿ. ನಾನು ಸರಿಯಾಯ್ತು ಅಂತ ಮುಂದೆ ಹೋಗಿದ್ದೆ. ಮೇಷ್ಟ್ರು ಪರದೆಯನ್ನು ನಿಧಾನಕ್ಕೆ ಕೆಳಗೆ ಸರಿಸುತ್ತಾ ಕೇಳಿದರು: ಮೇ ತಿಂಗಳಲ್ಲಿ ಏಜೆಂಟ್ ದಿನಾ ಬರ್ತಿದ್ರಾ?

ನೋಡಿದರೆ, ಪ್ರತಿ ವರ್ಷ ಮೇ 1ರಿಂದ ಮೇ 12ರ ತನಕ ದಿನಕ್ಕೊಂದು ಕಂತು. ಜನವರಿ 5 ಹೋಗಿ ಮೇ 1 ಆಗಿತ್ತು, ಫೆಬ್ರವರಿ 5 ಮೇ 2.

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣ ಇದೆ. ಕೊನೆಯ ಬಾಕಿ ಸರಿ ಇತ್ತು. ಲೆಕ್ಕ ಸಾಗಿಸುವವರು ಸಾಮಾನ್ಯವಾಗಿ ನೋಡುವುದು ಕೊನೆಯ ಬಾಕಿ ಒಂದನ್ನೇ. ಅದು ಹೊಂದಿದರೂ ಒಳಗೆ ತಾರೀಖುಗಳು ಪೂರ್ತಿ ಕಲಸಿಹೋಗಿರಬಹುದು, ಬಡ್ಡಿ ತಪ್ಪಾದ ಆರ್ಥಿಕ ವರ್ಷದಲ್ಲಿ ಕೂತಿರಬಹುದು. ಪ್ರತಿ ವರ್ಷದ ಮಾರ್ಚ್ 31ರ ಬಾಕಿ ಹಳೆಯದರಲ್ಲಿ ಎಷ್ಟು, ಹೊಸದರಲ್ಲಿ ಎಷ್ಟು ಅಂತ ಪಕ್ಕಪಕ್ಕ ಇಟ್ಟು ನೋಡಿದ್ದರೆ ಒಂದೇ ನೋಟಕ್ಕೆ ಸಿಗುತ್ತಿತ್ತು. ಆಮೇಲೆ ಎಲ್ಲ ಖಾತೆಗೂ ಹಾಗೇ ಮಾಡಿದೆವು.

ಹಾಗೆ ಮಾಡುವಾಗ ಸೊಸೈಟಿ ಖಾತೆಯಲ್ಲಿ 11,250 ರೂ. ವ್ಯತ್ಯಾಸ ಸಿಕ್ಕಿತು. ಹಳೆ ಸಾಫ್ಟ್‌ವೇರಿಗೂ ಹೊಸದಕ್ಕೂ ನಡುವೆ ಅಲ್ಲ. ಎರಡೂ ಒಂದೇ ಹೇಳುತ್ತಿದ್ದವು, ಸೊಸೈಟಿಯ ಪಾಸ್‌ಬುಕ್ ಬೇರೆ ಹೇಳುತ್ತಿತ್ತು. ಅಂದರೆ ತಪ್ಪು ಯಾವಾಗಲೋ ಬರೆಯುವಾಗಲೇ ಆಗಿತ್ತು. ಎರಡು ಸಂಜೆ ಹುಡುಕಿದೆವು. 2013ರ ಒಂದು ಗೊಬ್ಬರದ ಬಿಲ್ಲಿನ ಮೇಲೆ ಅನುಮಾನ ಬಂತು, ಬಿಲ್ ಇಲ್ಲ. ಮೂರನೇ ಸಂಜೆ ನಾನು ಲ್ಯಾಪ್‌ಟಾಪ್ ತೆರೆಯುವ ಮುಂಚೆಯೇ ಮೇಷ್ಟ್ರು, ಇದು ಸಾಕು, ಅಂದರು. ಪಾಸ್‌ಬುಕ್ ಏನು ಹೇಳುತ್ತದೋ ಅದೇ ಸತ್ಯ, ಅಲ್ಲಿಂದ ಹೊಸದಾಗಿ ಶುರು ಮಾಡೋಣ.

ಇಡೀ ಪ್ರಕರಣದಲ್ಲಿ ಅತಿ ಒಳ್ಳೆಯ ನಿರ್ಧಾರ ಇದು. ನನಗೆ ಹೊಳೆದಿರಲಿಲ್ಲ. ಹದಿನಾರು ವರ್ಷವನ್ನೂ ಒಂದೇ ಪುಸ್ತಕದಲ್ಲಿ ಪೈಸೆ ಬಿಡದೆ ಕೂರಿಸಬೇಕು ಅಂತ ನಾನು ಹಟ ಹಿಡಿದಿದ್ದೆ. ಅದು ನನ್ನ ಹಟ, ಅವರ ಅಗತ್ಯ ಅಲ್ಲ. ಅವರ ಅಪ್ಪ ವರ್ಷಕ್ಕೊಂದು ಪುಸ್ತಕ ಮುಗಿಸಿ, ಶಿಲ್ಕನ್ನು ಹೊಸ ಪುಸ್ತಕದ ಮೊದಲ ಸಾಲಿಗೆ ಎತ್ತಿ ಬರೆಯುತ್ತಿದ್ದರು. ನಾವೂ ಹಾಗೇ ಮಾಡಿದೆವು. ಹಳೆಯದೆಲ್ಲ ಒಂದು ಪುಸ್ತಕ, ನೋಡುವುದಕ್ಕೆ ಮಾತ್ರ. ಹೊಸ ಪುಸ್ತಕ 2025ರ ಏಪ್ರಿಲ್ 1ರಿಂದ, ಪ್ರತಿ ಖಾತೆಯ ಆರಂಭದ ಶಿಲ್ಕು ಪಾಸ್‌ಬುಕ್ಕಿನಿಂದ. ಏಪ್ರಿಲ್‌ನಿಂದ ಅಕ್ಟೋಬರ್ ತನಕದ ನಮೂದುಗಳನ್ನು ಹಳೆಯದರಿಂದ ತಂದೆವು. ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕುವುದಾದರೆ ಇದನ್ನೇ ಮೊದಲು ಮಾಡಿ ಅನ್ನುತ್ತೇನೆ. ಹಳೆಯದನ್ನು ಓದಲು ಬರುವಂತೆ ಕಾಪಾಡಿ, ಹೊಸದನ್ನು ಆರ್ಥಿಕ ವರ್ಷದ ಮೊದಲ ದಿನದಿಂದ ತೆರೆಯಿರಿ.

ಬ್ಯಾಂಕ್ ಸ್ಟೇಟ್‌ಮೆಂಟ್ ಆಮದು ಮಾಡುವ ಆಸೆಯನ್ನು ಬಿಟ್ಟೆವು. ಒಂದು ಬ್ಯಾಂಕು ಪಾಸ್‌ವರ್ಡ್ ಇರುವ ಪಿಡಿಎಫ್ ಮಾತ್ರ ಕೊಡುತ್ತದೆ. ಇನ್ನೊಂದು ಎಕ್ಸೆಲ್ ಅಂತ ಕೊಡುವುದು ನಿಜವಾಗಿ ಟ್ಯಾಬ್ ಹಾಕಿದ ಪಠ್ಯ, ಹೆಸರು ಮಾತ್ರ ಎಕ್ಸೆಲ್. ಯುಪಿಐ ವಿವರದಲ್ಲಿ ಹನ್ನೆರಡು ಅಂಕಿಯ ಸಂಖ್ಯೆ ಬರುತ್ತದೆ, ತುಂಡಾದ ಹೆಸರು ಬರುತ್ತದೆ, ಹಾಲಿಗೋ ಔಷಧಿಗೋ ಗೊತ್ತಾಗುವುದಿಲ್ಲ. ಇವನ್ನೆಲ್ಲ ಲಿನಕ್ಸ್‌ನಲ್ಲಿ ಸರಿಮಾಡಬಹುದು, ನನ್ನ ಲೆಕ್ಕಕ್ಕೆ ನಾನು ಮಾಡುತ್ತೇನೆ. ಆದರೆ ವಾರಕ್ಕೆ ಇಪ್ಪತ್ತು ನಮೂದು ಇರುವ ಮನೆಗೆ ಅದು ಜಾಸ್ತಿ ಆಯ್ತು. ನಾನು ಪಕ್ಕದಲ್ಲಿಲ್ಲದಿದ್ದರೆ ನಿಂತುಹೋಗುವಂಥ ವ್ಯವಸ್ಥೆ ಅವರಿಗೆ ಬೇಡವಾಗಿತ್ತು. ಮೇಷ್ಟ್ರು ಭಾನುವಾರ ಬೆಳಿಗ್ಗೆ ಎಸ್ಸೆಮ್ಮೆಸ್ ನೋಡಿ ಕೈಯಲ್ಲೇ ಹಾಕುತ್ತಾರೆ. ಮ್ಯೂಚುವಲ್ ಫಂಡಿನ ಬೆಲೆಯನ್ನೂ ಪ್ರತಿದಿನ ತರಿಸುವ ಏರ್ಪಾಡು ಮಾಡಲಿಲ್ಲ, ವರ್ಷಕ್ಕೊಮ್ಮೆ ಮಾರ್ಚ್ 31ಕ್ಕೆ ಬರೆದರೆ ಅವರಿಗೆ ಸಾಕು.

ತೆರಿಗೆಗೆ ಬೇಕಾದ ಎರಡು ಸಂಖ್ಯೆ ಈಗ ಒಂದೇ ವರದಿಯಲ್ಲಿ ಬರುತ್ತವೆ. ಒಂದು, ಬಡ್ಡಿ ಎಲ್ಲ ಸೇರಿ ಎಷ್ಟು. ಹಳೆ ತೆರಿಗೆ ಪದ್ಧತಿಯಲ್ಲಿ ಹಿರಿಯ ನಾಗರಿಕರು ಬ್ಯಾಂಕು, ಅಂಚೆ ಕಚೇರಿಯ ಬಡ್ಡಿಗೆ 50,000 ರೂ. ತನಕ ಕಡಿತ ಕೇಳಬಹುದು. ಇನ್ನೊಂದು, ತೋಟದ ನಿವ್ವಳ ಆದಾಯ. ಅದಕ್ಕೆ ತೆರಿಗೆ ಇಲ್ಲದಿದ್ದರೂ 5,000 ರೂ. ದಾಟಿದರೆ ಐಟಿಆರ್-1 ಎಂಬ ಸರಳ ರಿಟರ್ನ್ ನಮೂನೆ ಹಾಕುವಂತಿಲ್ಲ. ಇದು ಗೊತ್ತಿಲ್ಲದೆ ಸುಮ್ನೆ ಐಟಿಆರ್-1 ಹಾಕಿದ ಪಿಂಚಣಿದಾರ ಬೆಳೆಗಾರರು ನನಗೆ ಗೊತ್ತಿರುವವರಲ್ಲೇ ಇದ್ದಾರೆ.

ಸಂಕ್ರಾಂತಿ ಕಳೆದ ಮೇಲೆ ಅಡಿಕೆ ಮಾರಿದ ಮೊದಲ ಪಟ್ಟಿ ಬಂತು. ಮೇಷ್ಟ್ರು ಒಬ್ಬರೇ ಕೂತು ಬರೆದು, ಪರದೆಯ ಫೋಟೊ ನನಗೆ ಕಳಿಸಿದರು. ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಾಟ 1,84,000. ದಲಾಲಿ ಮತ್ತು ಹಮಾಲಿ 2,300. ಬೆಳೆ ಸಾಲಕ್ಕೆ 1,00,000. ಸೊಸೈಟಿಗೆ ಜಮಾ 81,700. ನಾಲ್ಕು ಸಾಲು, ಒಂದೇ ವ್ಯವಹಾರ. ಹಳೆ ಸಾಫ್ಟ್‌ವೇರಿನಲ್ಲಿ ಅವರು ಉಳಿದ ಮೊತ್ತ ಒಂದನ್ನೇ ಬರೆಯುತ್ತಿದ್ದರಂತೆ, ಸಾಲ ಎಷ್ಟು ತೀರಿತು ಅನ್ನುವುದಕ್ಕೆ ಬೇರೆ ಚೀಟಿ ಇತ್ತಂತೆ.

ಡೆಸ್ಕ್‌ಟಾಪ್ ಮತ್ತೆ ಅಟ್ಟಕ್ಕೆ ಹೋಗಿದೆ, ಈ ಸಲ ಪ್ಲಾಸ್ಟಿಕ್ ಹೊದಿಸಿ. ಹಳೆ ಫೈಲ್, ಹದಿನಾಲ್ಕು ಕ್ಯೂಐಎಫ್, ಹೊಸ ಪುಸ್ತಕ ಮೂರೂ ಎರಡು ಪೆನ್‌ಡ್ರೈವ್‌ನಲ್ಲಿವೆ, ಒಂದು ಮಗನ ಹತ್ತಿರ. ಅಂಚೆ ಕಚೇರಿಯ ಠೇವಣಿಗಳಲ್ಲಿ ಎರಡು ಇನ್ನೂ ಪುಸ್ತಕಕ್ಕೆ ಬಂದಿಲ್ಲ. ಅವುಗಳ ಪಾಸ್‌ಬುಕ್ ಮೇಷ್ಟ್ರ ಹೆಂಡತಿಯ ಬೀರುವಿನಲ್ಲಿವೆ, ತಮ್ಮ ಖಾತೆಯನ್ನು ತಾವೇ ಬರೆಯುತ್ತೇನೆ, ಮೊದಲು ತಮಗೂ ಇದನ್ನು ಹೇಳಿಕೊಡಿ ಅಂದಿದ್ದಾರೆ. ಮುಂದಿನ ಭಾನುವಾರ ಅದಕ್ಕೇ ಹೋಗುತ್ತಿದ್ದೇನೆ.